ಎಂಟನೇ ಇಯತ್ತೆಯ ಸನ್ಮಾನ

ನಮ್ಮ ಹುಬ್ಬಳ್ಳಿಯಲ್ಲಿ ಮಳೆ ಕೈಕೊಟ್ಟ ವರ್ಷಗಳಿವೆ, ಶಾಲು ಕೈಕೊಟ್ಟ ವರ್ಷವಿಲ್ಲ. ವಿಧಾನ ಪರಿಷತ್ತಿನ ಸಭಾಪತಿ ಬಸವರಾಜ ಹೊರಟ್ಟಿಯವರ ಸುದೀರ್ಘ ಸೇವೆಯ ಕೊಂಡಾಟ ಮತ್ತೊಮ್ಮೆ ಪತ್ರಿಕೆಯ ಪುಟ ತುಂಬಿದೆ. 1980ರಿಂದ ಮೇಲ್ಮನೆಯಲ್ಲಿದ್ದಾರೆ, ಪಶ್ಚಿಮ ಶಿಕ್ಷಕರ ಕ್ಷೇತ್ರದಿಂದ ಸತತ ಎಂಟು ಸಲ ಗೆದ್ದಿದ್ದಾರೆ, ದಾಖಲೆ, ಅಭಿನಂದನೆ, ಇತ್ಯಾದಿ. ನಿಮಗೆಲ್ಲ ಗೊತ್ತಿರುವ ಕಥೆಯೇ. ಫ್ಲೆಕ್ಸುಗಳಲ್ಲಿ ಸನ್ಮಾನಿತರಿಗಿಂತ ಶುಭ ಕೋರುವವರ ಮುಖವೇ ದೊಡ್ಡದಾಗಿರುವುದು ಈ ಊರಿನ ಸಂಪ್ರದಾಯ. ಅದರಲ್ಲಿ ಒಬ್ಬರಾದರೂ ಕಿವಿಗೆ ಮೊಬೈಲ್ ಹಿಡಿದು ಯಾರೊಂದಿಗೋ ಗಹನವಾಗಿ ಮಾತನಾಡುತ್ತಿರಲೇಬೇಕು. ಯಾರ ಜೊತೆ ಮಾತನಾಡುತ್ತಾರೋ, ಆ ಕರೆ ಯಾವಾಗ ಮುಗಿಯುತ್ತದೋ, ಇದನ್ನು ಯಾರಾದರೂ ಸಂಶೋಧನೆ ಮಾಡಿದರೆ ಕರ್ನಾಟಕ ವಿಶ್ವವಿದ್ಯಾಲಯದವರು ಪಿಎಚ್.ಡಿ. ಕೊಡಬೇಕು.

ಸಾಹೇಬರು ಮೊದಲು ಗೆದ್ದಾಗ ರಾಜ್ಯದಲ್ಲಿ ಗುಂಡೂರಾಯರ ಸರ್ಕಾರವಿತ್ತು. ಅದೇ ವರ್ಷದ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ರೈತರ ಮೇಲೆ ಗೋಲಿಬಾರ್ ಆಯಿತು. ಆಮೇಲೆ ಹೆಗಡೆಯವರು ಬಂದರು, ನಮ್ಮವರೇ ಆದ ಎಸ್.ಆರ್. ಬೊಮ್ಮಾಯಿ ಬಂದರು. ಬೊಮ್ಮಾಯಿಯವರ ಮಗನೂ ಮುಖ್ಯಮಂತ್ರಿಯಾಗಿ ಇಳಿದು, ಹಾವೇರಿಯ ಸಂಸದರಾಗಿ ದೆಹಲಿಗೆ ಹೋದರು. ಅಪ್ಪನ ಸರ್ಕಾರವನ್ನೂ ಮಗನ ಸರ್ಕಾರವನ್ನೂ ಒಂದೇ ಕ್ಷೇತ್ರದ ಪ್ರತಿನಿಧಿಯಾಗಿ ನೋಡಿದ ಕಣ್ಣುಗಳವು. ಇದಕ್ಕೆ ಶಾಲು ಸಾಲದು, ಜಮಖಾನೆಯನ್ನೇ ಹೊದಿಸಬೇಕು.

ಹೊರಟ್ಟಿಯವರು ಮೂಲತಃ ಹುಬ್ಬಳ್ಳಿಯ ಲ್ಯಾಮಿಂಗ್ಟನ್ ಶಾಲೆಯ ದೈಹಿಕ ಶಿಕ್ಷಕರು. ಹುಟ್ಟಿದ್ದು 1946ರಲ್ಲಿ. ಸೀಟಿ ಊದುತ್ತ ಮೈದಾನದಲ್ಲಿಯೇ ಉಳಿದಿದ್ದರೆ ಆಗಿನ ನಿಯಮದಂತೆ 58ಕ್ಕೆ, ಅಂದರೆ 2004ರಲ್ಲಿ, ಒಂದು ಹಾರ, ಒಂದು ಗೋಡೆ ಗಡಿಯಾರ, ‘ನಿವೃತ್ತಿ ಜೀವನ ಸುಖಮಯವಾಗಿರಲಿ’ ಎಂಬ ಭಾಷಣ ಕೊಟ್ಟು ಮನೆಗೆ ಕಳುಹಿಸಿಬಿಡುತ್ತಿದ್ದೆವು. ಆ ಅನ್ಯಾಯ ತಪ್ಪಿತು. ಮಾಸ್ತರರಿಗೆ ನಿವೃತ್ತಿಯ ವಯಸ್ಸು ಉಂಟು, ಮಾಸ್ತರರ ಪ್ರತಿನಿಧಿಗೆ ಇಲ್ಲ. ಅವರನ್ನು 1980ರಲ್ಲಿ ಗೆಲ್ಲಿಸಿದವರೆಲ್ಲ ಎಂದೋ ನಿವೃತ್ತರಾಗಿದ್ದಾರೆ. ಅವರ ಕೈಯಲ್ಲಿ ಕಲಿತು ಮಾಸ್ತರರಾದವರೂ ನಿವೃತ್ತರಾಗುತ್ತಿದ್ದಾರೆ.

ಈ ಕ್ಷೇತ್ರದ ಮತದಾನವೂ ಒಂದು ಮಜಾ. ಶಿಕ್ಷಕರ ಕ್ಷೇತ್ರ ಎಂದು ಹೆಸರು, ಆದರೆ ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಅಲ್ಲಿ ಮತವಿಲ್ಲ. ಅ ಆ ಇ ಈ ಕಲಿಸುವವನು ಸಂವಿಧಾನದ ಲೆಕ್ಕದಲ್ಲಿ ಸಾಕಷ್ಟು ಶಿಕ್ಷಕನಲ್ಲ. ಪ್ರೌಢಶಾಲೆಯಿಂದ ಮೇಲೆ ಕಲಿಸಿದರೆ ಮಾತ್ರ ಶಿಕ್ಷಕ. ಆ ಪ್ರೌಢರು ಮತಗಟ್ಟೆಗೆ ಹೋಗಿ, ಅಲ್ಲಿಯೇ ಕೊಟ್ಟ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಿಂದ ತಮಗೆ ಬೇಕಾದವರ ಮುಂದೆ 1 ಎಂದು ಬರೆಯಬೇಕು. ಇಷ್ಟೇ ಪರೀಕ್ಷೆ. ಸರಿ ಗುರುತು ಹಾಕುವಂತಿಲ್ಲ, ಅಂಕಿಯನ್ನು ಅಕ್ಷರದಲ್ಲಿ ಬರೆಯುವಂತಿಲ್ಲ, ಸಹಿ ಮಾಡುವಂತಿಲ್ಲ. ವರ್ಷವಿಡೀ ಮಕ್ಕಳ ಉತ್ತರಪತ್ರಿಕೆಗೆ ಕೆಂಪು ಗೆರೆ ಎಳೆದ ಕೈಗಳಿಗೆ ಈ ಪ್ರಶ್ನೆಪತ್ರಿಕೆ ಕಷ್ಟವಾಗುತ್ತದೆ. ಪ್ರತಿ ಚುನಾವಣೆಯಲ್ಲೂ ಒಂದಷ್ಟು ಗುರುಗಳು ನಪಾಸಾಗಿ, ಅವರ ಮತ ಅಸಿಂಧುವಿನ ಬುಟ್ಟಿಗೆ ಬೀಳುತ್ತದೆ. ಪೂರಕ ಪರೀಕ್ಷೆಗೆ ಆರು ವರ್ಷ ಕಾಯಬೇಕು.

ಪಕ್ಷದ ವಿಷಯ ಬೇಗ ಮುಗಿಸೋಣ. ಜನತಾ ಪರಿವಾರ ಒಡೆದಷ್ಟೂ ಸಲ ಇವರು ಅದರ ಯಾವುದೋ ಒಂದು ತುಂಡಿನ ಮೇಲೆ ಭದ್ರವಾಗಿ ನಿಂತಿದ್ದರು. 2022ರ ಮೇ ತಿಂಗಳಲ್ಲಿ ಸಭಾಪತಿ ಸ್ಥಾನ ಬಿಟ್ಟು ಬಿಜೆಪಿ ಸೇರಿದರು, ಜೂನ್‌ನಲ್ಲಿ ಎಂಟನೇ ಇಯತ್ತೆ ಪಾಸಾದರು, ಡಿಸೆಂಬರ್‌ನಲ್ಲಿ ಮತ್ತೆ ಅದೇ ಕುರ್ಚಿಯಲ್ಲಿ ಕುಳಿತರು. ಮರುವರ್ಷ ಕಾಂಗ್ರೆಸ್ ಸರ್ಕಾರ ಬಂದರೂ ಕುರ್ಚಿ ಅಲುಗಲಿಲ್ಲ. ಇದರಲ್ಲಿ ಆಶ್ಚರ್ಯಪಡುವವರು ನಮ್ಮ ಜಗದೀಶ ಶೆಟ್ಟರ್ ಅವರನ್ನು ನೆನೆಯಬೇಕು: 2023ರ ಏಪ್ರಿಲ್‌ನಲ್ಲಿ ಕಾಂಗ್ರೆಸ್ಸಿಗೆ ಹೋದವರು ವಿಧಾನಸಭೆಗೆ ಸೋತು, ಮೇಲ್ಮನೆ ಸೇರಿ, ಮರುವರ್ಷದ ಜನವರಿಯಲ್ಲಿ ತವರಾದ ಬಿಜೆಪಿಗೆ ವಾಪಸಾದರು. ಲೆಕ್ಕ ಹಾಕಿ, ಸರಿಯಾಗಿ ಒಂಬತ್ತು ತಿಂಗಳು. ಬಾಣಂತನಕ್ಕೆ ಬೆಳಗಾವಿಗೆ ಕಳುಹಿಸಿದರು, ಸಂಸದರೂ ಆದರು. ಅವರ ಮೇಲ್ಮನೆಯ ರಾಜೀನಾಮೆ ಸಲ್ಲಬೇಕಾಗಿದ್ದು ಯಾರಿಗೆ? ಸಭಾಪತಿ ಹೊರಟ್ಟಿಯವರಿಗೇ. ಹುಬ್ಬಳ್ಳಿಯ ವ್ಯವಹಾರ ಹುಬ್ಬಳ್ಳಿಯವರ ನಡುವೆಯೇ ಮುಗಿಯಿತು.

ಇಲ್ಲಿಯವರೆಗೆ ನಗಬಹುದು.

2006ರಲ್ಲಿ ಸಾಹೇಬರು ಶಿಕ್ಷಣ ಸಚಿವರಾಗಿದ್ದರು. ಕನ್ನಡ ಮಾಧ್ಯಮಕ್ಕೆಂದು ಅನುಮತಿ ಪಡೆದು ಇಂಗ್ಲಿಷಿನಲ್ಲಿ ಕಲಿಸುತ್ತಿದ್ದ ಶಾಲೆಗಳ ಮಾನ್ಯತೆ ರದ್ದು ಮಾಡಲು ಹೊರಟ ಧೈರ್ಯ ಅವರದು, ಅದನ್ನು ಒಪ್ಪಿಕೊಳ್ಳಲೇಬೇಕು. ಅದೇ ವರ್ಷದ ಏಪ್ರಿಲ್ 1ರಿಂದ ಕೆಲಸಕ್ಕೆ ಸೇರಿದವರಿಗೆ ಹಳೆಯ ಖಚಿತ ಪಿಂಚಣಿ ಇಲ್ಲ, ಮಾರುಕಟ್ಟೆಯನ್ನು ನಂಬಿದ ಹೊಸ ಪಿಂಚಣಿ ಮಾತ್ರ ಎಂದಾಯಿತು. ಖಜಾನೆಯ ಆ ಲೆಕ್ಕವನ್ನು ಶಿಕ್ಷಣ ಸಚಿವರ ತಲೆಗೆ ಕಟ್ಟುವುದಿಲ್ಲ. ಆದರೆ ಹಾಗೆ ಸೇರಿದ ಮಾಸ್ತರರು ಇಪ್ಪತ್ತು ವರ್ಷದಿಂದ ಮನವಿ ಬರೆಯುತ್ತಿದ್ದಾರೆ, ಅನುದಾನಿತ ಶಾಲೆಯವರು ಬೆಂಗಳೂರಿನ ಫ್ರೀಡಂ ಪಾರ್ಕಿನ ಬಿಸಿಲಿನಲ್ಲಿ ಧರಣಿ ಕುಳಿತು ಎದ್ದಿದ್ದಾರೆ, ಅತಿಥಿ ಶಿಕ್ಷಕರು ತಿಂಗಳಿಗೆ ಗಾರೆ ಕೆಲಸದವನ ಕೂಲಿಗಿಂತ ಕಡಿಮೆ ಹಣಕ್ಕೆ ಪಾಠ ಮಾಡುತ್ತಿದ್ದಾರೆ. 2025ರ ಮಾರ್ಚ್‌ನಲ್ಲಿ ಶಾಸಕರ ಸಂಬಳ 40 ಸಾವಿರದಿಂದ 80 ಸಾವಿರಕ್ಕೆ ಏರಿತು. ಸದನದಲ್ಲಿ ಕಾಗದ ಹರಿದು ಎಸೆಯುವ ಗದ್ದಲದ ನಡುವೆಯೇ ಮಸೂದೆ ಪಾಸಾಯಿತು, ಚರ್ಚೆಯಿಲ್ಲ, ಧರಣಿಯಿಲ್ಲ, ಮನವಿಯಿಲ್ಲ. ಒಂದು ಅವಧಿ ಶಾಸಕನಾಗಿದ್ದವನಿಗೂ ಸಾಯುವವರೆಗೆ ಪಿಂಚಣಿ ಉಂಟು. ಮೂವತ್ತು ವರ್ಷ ಸೀಮೆಸುಣ್ಣದ ಧೂಳು ಕುಡಿದವನಿಗೆ ಷೇರುಪೇಟೆ ಏನು ಕೊಡುತ್ತದೋ ಅದು. ಇದಕ್ಕೆ ವಿಡಂಬನೆ ಬರೆಯುವುದು ಹೇಗೆ? ನನಗೆ ಬೇಸರ ಬಂದಿದೆ.

ಸದನದ ನಡವಳಿಕೆ ನೋಡಿ ನೋವಾಗಿದೆ, ರಾಜೀನಾಮೆ ಕೊಡುವ ಮನಸ್ಸಾಗಿದೆ ಎಂದು ಅದೇ ದಿನಗಳಲ್ಲಿ ಸಭಾಪತಿಗಳು ಹೇಳಿಕೊಂಡಿದ್ದರು. ಅವರ ನೋವನ್ನು ನಾನು ನಂಬುತ್ತೇನೆ. ಮೈದಾನದಲ್ಲಿ ಒಂದು ಸೀಟಿಗೆ ಇನ್ನೂರು ಹುಡುಗರನ್ನು ಸಾಲಾಗಿ ನಿಲ್ಲಿಸುತ್ತಿದ್ದವರು, ಗಂಟೆ ಎಷ್ಟು ಬಾರಿಸಿದರೂ ಕೂರದ 75 ಜನರ ಮನೆಯಲ್ಲಿ ಕುಳಿತಿದ್ದಾರೆ. ಮನಸ್ಸು ಆಯಿತು, ಆಮೇಲೆ ಬದಲಾಯಿತು.

ಅವಧಿ ಮುಗಿಯುವುದು 2028ಕ್ಕೆ. ಆಗ ಅವರಿಗೆ 82. ಗದಗ ಕಡೆಯ ಪ್ರೌಢಶಾಲೆಯಲ್ಲಿ ಗಣಿತ ಕಲಿಸುವ ಮಿತ್ರರೊಬ್ಬರಿದ್ದಾರೆ, 2006ರ ನಂತರ ಸೇರಿದವರು, ಪಿಂಚಣಿಯ ಮಾತೆತ್ತಿದರೆ ಅರ್ಧ ಗಂಟೆ ಬಯ್ಯುತ್ತಾರೆ. ಒಂಬತ್ತನೇ ಸಲ ನಿಂತರೆ ಏನು ಮಾಡುತ್ತೀರಿ ಎಂದು ಕೇಳಿದೆ.

‘ಅವರಿಗೇ ಹಾಕುವುದು ಸರ್. ಫೋನ್ ಮಾಡಿದರೆ ಎತ್ತುತ್ತಾರೆ. ಹೊಸಬರು ಬಂದರೆ ಮೊದಲಿನಿಂದ ಪರಿಚಯ ಮಾಡಿಕೊಳ್ಳಬೇಕಲ್ಲ, ಅಷ್ಟರಲ್ಲಿ ನನಗೇ ರಿಟೈರ್‌ಮೆಂಟು.’