ರಾತ್ರಿ ಹತ್ತೂವರೆಯ ಟಕ್ ಟಕ್

ಮಗಳನ್ನು ಮಲಗಿಸಿ, ಹಾಲಿಗೆ ಹೆಪ್ಪು ಹಾಕಿ, ಗ್ಯಾಸ್ ಆಫ್ ಮಾಡಿ ಬರುವಷ್ಟರಲ್ಲಿ ಗಂಟೆ ಹತ್ತೂವರೆ ಆಗಿರುತ್ತದೆ. ಅಲ್ಲಿಂದ ಹನ್ನೊಂದೂವರೆವರೆಗೆ ನನ್ನ ಹೊತ್ತು. ಆ ಒಂದು ಗಂಟೆ ನಾನು ಸ್ಟ್ರೀಟ್ ಫೈಟರ್ ಅನ್ನುವ ಹೊಡೆದಾಟದ ವಿಡಿಯೋ ಗೇಮ್ ಆಡುತ್ತೇನೆ. ನಲವತ್ತು ವರ್ಷದ ಹೆಂಗಸು, ಬೆಳಗ್ಗೆ ಆಫೀಸಿಗೆ ಹೋಗುವವಳು, ರಾತ್ರಿ ಜಾಯ್‌ಸ್ಟಿಕ್ ಹಿಡಿದು ಕೂರುತ್ತಾಳೆ ಅಂದರೆ ಕೆಲವರಿಗೆ ಆಶ್ಚರ್ಯ. ನನಗೆ ಅದಿಲ್ಲದೆ ದಿನ ಮುಗಿದಂತೆ ಆಗುವುದಿಲ್ಲ.

ಚಿಕ್ಕಂದಿನಲ್ಲಿ ದಾವಣಗೆರೆಯಲ್ಲಿ ಅಣ್ಣನ ಜೊತೆ ವಿಡಿಯೋ ಗೇಮ್ ಅಂಗಡಿಗೆ ಹೋಗುತ್ತಿದ್ದೆ. ಒಂದು ರೂಪಾಯಿ ನಾಣ್ಯ ಹಾಕಿದರೆ ಒಂದು ಆಟ. ಅಲ್ಲಿ ಎಲ್ಲರೂ 'ಮುಸ್ತಫಾ' ಅನ್ನುತ್ತಿದ್ದ ಆಟದ ನಿಜವಾದ ಹೆಸರು ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್, ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ತಂದಿದ್ದು ಅಂತ ನನಗೆ ತಿಳಿದಿದ್ದು ಎಷ್ಟೋ ವರ್ಷದ ಮೇಲೆ. ಆ ಕೋಲು, ಆ ದೊಡ್ಡ ಗುಂಡಿಗಳು ಕೈಗೆ ಅಂಟಿಬಿಟ್ಟಿದ್ದವು. ಹಾಗಾಗಿ ಹೋದ ವರ್ಷ ಅಂಥದ್ದೇ ಕೋಲು, ಗುಂಡಿ ಕೂರಿಸಿದ ನನ್ನದೇ ಒಂದು ಪೆಟ್ಟಿಗೆ ಮಾಡಿಕೊಂಡೆ, ಆರ್ಕೇಡ್ ಸ್ಟಿಕ್ ಅನ್ನುತ್ತಾರೆ ಅದಕ್ಕೆ. ಬಡಗಿ ಹತ್ತಿರ ಎಂಡಿಎಫ್ ಹಲಗೆಯಲ್ಲಿ 30 ಮಿಮೀ ತೂತು ಕೊರೆಸಿದೆ, ವೈರು ಮತ್ತು ಟರ್ಮಿನಲ್‌ಗಳನ್ನು ಬೆಂಗಳೂರಿನ ಎಸ್‌ಪಿ ರೋಡಿನಿಂದ ತಂದೆ, ಜಪಾನಿನ ಸಾನ್ವಾ ಕಂಪನಿಯ ಜೆಎಲ್‌ಎಫ್ ಲಿವರ್ (ಅದೇ ಕೋಲು) ಒಂದು, ಬಟನ್ ಎಂಟು ತರಿಸಿದೆ. ಮೊದಲ ರಾತ್ರಿ ಆಡಿದಾಗ ಕಣ್ಣಲ್ಲಿ ನೀರು ಬಂದಿತ್ತು.

ಹತ್ತು ದಿನ ಆಗಿರಬೇಕು. ಲಿಫ್ಟಿನಲ್ಲಿ ಕೆಳಗಿನ ಮನೆಯ ಅಜ್ಜಿ ಸಿಕ್ಕಿ ಕೇಳಿದರು, "ಏನಮ್ಮ, ನಿಮ್ಮನೇಲಿ ರಾತ್ರಿ ಹೊತ್ತು ಎಲೆ ಅಡಿಕೆ ಹಾಕೋರು ಯಾರು? ಕುಟ್ಟಾಣಿ ಸದ್ದು ಕೇಳ್ಸುತ್ತೆ."

ನನಗೆ ಮುಖ ಎತ್ತಲಾಗಲಿಲ್ಲ. "ಅಜ್ಜಿ, ಅದು ನಾನು. ವಿಡಿಯೋ ಗೇಮ್ ಆಡ್ತೀನಿ" ಅಂದೆ.

ಅಜ್ಜಿ ಬೈಯಲಿಲ್ಲ. "ಆಡಮ್ಮ, ಅದಕ್ಕೇನು. ನಾನೂ ದಿನಾ ಕುಟ್ತೀನಲ್ಲ, ಕುಟ್ಟಾಣಿ ಅಡಿಗೆ ಹಳೇ ಟವೆಲ್ ಮಡಿಸಿ ಇಟ್ಕೋತೀನಿ. ಇಲ್ದಿದ್ರೆ ಕೆಳಗಿನೋರ ತಲೆ ಮೇಲೇ ಕುಟ್ಟಿದಂಗೆ ಆಗುತ್ತೆ" ಅಂದರು.

ಮನೆಗೆ ಬಂದು ಅತ್ತೆಯನ್ನು ಕೇಳಿದೆ. ಅವರ ಕೋಣೆ ನನ್ನ ಟೇಬಲ್ಲಿನ ಗೋಡೆಯ ಆ ಕಡೆಗೇ. "ಕೇಳ್ಸುತ್ತೆ. ನಿನಗಿರೋದೇ ಅದೊಂದು ಗಂಟೆ ಅಂತ ಸುಮ್ನಿದ್ದೆ" ಅಂದರು. ಹತ್ತು ರಾತ್ರಿ ಅವರು ಹನ್ನೊಂದೂವರೆವರೆಗೆ ಎದ್ದೇ ಇದ್ದರು. ಬಿಪಿ ಮಾತ್ರೆ ತೆಗೆದುಕೊಳ್ಳುವವರು. ಅವತ್ತು ನನಗೆ ಆದ ಸಂಕಟವೇ ಈ ಬರಹಕ್ಕೆ ಕಾರಣ.

ನಾವು ಆಡುವವರು ಹೆಡ್‌ಫೋನ್ ಹಾಕಿಕೊಂಡಿರುತ್ತೇವೆ. ಆಟದ ಸದ್ದೆಲ್ಲ ನಮ್ಮ ಕಿವಿಯೊಳಗೇ ಉಳಿಯಿತು, ಮನೆಯವರಿಗೆ ತೊಂದರೆ ಇಲ್ಲ ಅಂದುಕೊಳ್ಳುತ್ತೇವೆ. ಮನೆಯವರಿಗೆ ಕೇಳುವುದು ಸಂಗೀತವಿಲ್ಲದ, ತಾಳವಿಲ್ಲದ ಬರೀ ಟಕ್ ಟಕ್, ಢುಪ್ ಢುಪ್. ನಮ್ಮ ಕೈ ಎಷ್ಟು ಸದ್ದು ಮಾಡುತ್ತಿದೆ ಅಂತ ಮನೆಯಲ್ಲಿ ಗೊತ್ತಿಲ್ಲದವರು ನಾವೊಬ್ಬರೇ. ಆ ರಾತ್ರಿ ಯಜಮಾನರ ಕೈಗೆ ಲಿವರ್ ಕೊಟ್ಟು ನಾನು ಹೋಗಿ ಅತ್ತೆ ಪಕ್ಕದಲ್ಲಿ ಮಲಗಿದೆ. ಐದು ನಿಮಿಷ ತಡೆಯಲಾಗಲಿಲ್ಲ. ಆರ್ಕೇಡ್ ಸ್ಟಿಕ್ ಇಟ್ಟುಕೊಂಡಿರುವ ಎಲ್ಲರೂ ಒಮ್ಮೆ ಹೀಗೆ ಪಕ್ಕದ ಕೋಣೆಯಲ್ಲಿ ಮಲಗಿ ಕೇಳಿಸಿಕೊಳ್ಳಬೇಕು ಅಂತ ನಾನು ಕೈಮುಗಿದು ಕೇಳುತ್ತೇನೆ.

ಈ ಸಾಮಾನುಗಳು ಮನೆಗೆ ಅಂತ ಹುಟ್ಟಿದವಲ್ಲ. ಇಪ್ಪತ್ತು ಯಂತ್ರಗಳು ಒಟ್ಟಿಗೆ ಅರಚುವ ಅಂಗಡಿಯಲ್ಲಿ, ಸಿಟ್ಟಿನಿಂದ ಗುದ್ದುವ ಕೈಗಳ ಕೆಳಗೆ, ವರ್ಷಗಟ್ಟಲೆ ಬಾಳಬೇಕು ಅಂತ ಮಾಡಿದವು. ಅಲ್ಲಿ ಗುಂಡಿಯ ಸದ್ದು ಯಾರ ಕಿವಿಗೂ ಬೀಳುವುದಿಲ್ಲ, ಆದ್ದರಿಂದ ಅದನ್ನು ಕಡಿಮೆ ಮಾಡುವ ಗೋಜಿಗೂ ಯಾರೂ ಹೋಗಲಿಲ್ಲ. ಹಳೆಯ ಎಷ್ಟೋ ಯಂತ್ರಗಳಲ್ಲಿ ಲೀಫ್ ಸ್ವಿಚ್ ಇರುತ್ತಿತ್ತು, ಎರಡು ತೆಳು ಲೋಹದ ಪಟ್ಟಿ ಒಂದಕ್ಕೊಂದು ತಾಗಿದರೆ ಆಯಿತು, ಹೆಚ್ಚು ಸದ್ದಿಲ್ಲ. ಆದರೆ ಪಟ್ಟಿ ಬಾಗುತ್ತಿತ್ತು, ಕೊಳೆ ಹಿಡಿಯುತ್ತಿತ್ತು, ಆಗಾಗ ಸರಿಮಾಡುತ್ತಿರಬೇಕಿತ್ತು. ಅದರ ಜಾಗಕ್ಕೆ ಮೈಕ್ರೋಸ್ವಿಚ್ ಬಂತು. 1932ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಫ್ರೀಪೋರ್ಟ್ ಊರಿನಲ್ಲಿ ಮೆಕ್‌ಗಾಲ್ ಎಂಬಾತ ಕಂಡುಹಿಡಿದದ್ದು ಅದು. ಒಳಗೆ ಬಿಗಿಯಾಗಿ ಬಾಗಿಸಿದ ಒಂದು ಸ್ಪ್ರಿಂಗ್ ಪಟ್ಟಿ ಇರುತ್ತದೆ. ಒತ್ತುತ್ತಾ ಹೋದರೆ ಒಂದು ಹಂತದವರೆಗೆ ಸುಮ್ಮನಿದ್ದು, ಆಮೇಲೆ ಫಟ್ಟನೆ ಆ ಕಡೆಗೆ ಮಗುಚಿಕೊಳ್ಳುತ್ತದೆ. ನಾವು ಕೇಳುವ 'ಟಿಕ್' ಅದೇ. ಬಿಟ್ಟಾಗ ಮತ್ತೆ ಮಗುಚುತ್ತದೆ, ಇನ್ನೊಂದು ಟಿಕ್. ಜೆಎಲ್‌ಎಫ್ ಲಿವರಿನಲ್ಲಿ ಇಂಥವು ನಾಲ್ಕಿವೆ, ದಿಕ್ಕಿಗೊಂದು. ಮೂಲೆಗೆ ತಳ್ಳಿದರೆ ಎರಡು ಒಟ್ಟಿಗೆ ಕೂಗುತ್ತವೆ.

ನಾನು ಮೊದಲು ತಪ್ಪು ತಿಳಿದದ್ದು ಇಲ್ಲೇ. ಸದ್ದೆಲ್ಲ ಈ ಸ್ವಿಚ್ಚಿನದು ಅಂದುಕೊಂಡಿದ್ದೆ. ಅತ್ತೆಯ ಕೋಣೆಯಲ್ಲೂ ಕೆಳಗೆ ಅಜ್ಜಿಯ ಮನೆಯಲ್ಲೂ ಕೂತು ಕೇಳಿದ ಮೇಲೆ ಅರ್ಥವಾಯಿತು, ಅತ್ತೆಗೆ ಕೇಳುತ್ತಿದ್ದ ಸದ್ದು ಬೇರೆ, ಅಜ್ಜಿಗೆ ಕೇಳುತ್ತಿದ್ದ ಸದ್ದು ಬೇರೆ. ಟಿಕ್ ಅನ್ನುವ ಸಣ್ಣ ಚೂಪು ಸದ್ದು ಗಾಳಿಯಲ್ಲಿ ಹೋಗುತ್ತದೆ, ಬಾಗಿಲ ಸಂದಿಯಲ್ಲಿ ನುಸುಳುತ್ತದೆ, ಬಾಗಿಲು ಸರಿಯಾಗಿ ಹಾಕಿದರೆ ಬಹಳಷ್ಟು ಅಲ್ಲೇ ನಿಲ್ಲುತ್ತದೆ. ಢುಪ್ ಅನ್ನುವುದು ಗುಂಡಿ ತಳ ಮುಟ್ಟಿದಾಗಿನ ಗುದ್ದು. ಅದು ಪೆಟ್ಟಿಗೆಯಿಂದ ಟೇಬಲ್ಲಿಗೆ, ಟೇಬಲ್ಲಿನ ಕಾಲಿನಿಂದ ನೆಲಕ್ಕೆ, ನೆಲದ ಆರ್‌ಸಿಸಿಯೊಳಗೆ ಹೊಕ್ಕು ಕೆಳಗಿನ ಮನೆಯ ಸೀಲಿಂಗಿನಲ್ಲಿ ಎದ್ದು ಬರುತ್ತದೆ. ಬಾಗಿಲು, ಪರದೆ ಯಾವುದೂ ಅದನ್ನು ತಡೆಯುವುದಿಲ್ಲ.

ಅದಕ್ಕೆ ಮದ್ದು ಅಜ್ಜಿ ಹೇಳಿದ ಟವೆಲ್ಲೇ. ನಿಜವಾಗಿ ಹೇಳುತ್ತಿದ್ದೇನೆ, ನಾನು ಮಾಡಿದ ಎಲ್ಲದರಲ್ಲಿ ಅತಿ ಹೆಚ್ಚು ಫಲ ಕೊಟ್ಟಿದ್ದು ಅತಿ ಅಗ್ಗದ್ದು. ಹರಿದುಹೋಗಿದ್ದ ಯೋಗ ಮ್ಯಾಟನ್ನು ಪೆಟ್ಟಿಗೆಯ ಅಳತೆಗೆ ಕತ್ತರಿಸಿ ಎರಡು ಪದರ ಕೆಳಗೆ ಹಾಕಿದೆ. ಟೇಬಲ್ಲಿನ ಕಾಲುಗಳ ಕೆಳಗೆ ವಾಷಿಂಗ್ ಮಷೀನಿಗೆ ಇಡುವ ರಬ್ಬರ್ ಪ್ಯಾಡ್ ಇಟ್ಟೆ. ಗೋಡೆಗೆ ಒತ್ತಿಕೊಂಡಿದ್ದ ಟೇಬಲ್ಲನ್ನು ಎರಡು ಬೆರಳು ಈಚೆಗೆ ಎಳೆದೆ. ಮಾರನೇ ದಿನ ಅಜ್ಜಿಯನ್ನು ಕೇಳಿದರೆ, "ಅಯ್ಯೋ, ನಿಲ್ಸೇಬಿಟ್ಯಾ?" ಅಂದರು. ತೊಡೆಯ ಮೇಲೆ ಇಟ್ಟುಕೊಂಡು ಆಡುವವರಿಗೆ ಇದೂ ಬೇಡ, ನಮ್ಮ ಮೈಯೇ ಗುದ್ದನ್ನು ನುಂಗಿಕೊಳ್ಳುತ್ತದೆ. ನನಗೆ ಬೆನ್ನು ನೋವು, ಟೇಬಲ್ಲೇ ಬೇಕು.

ಎಷ್ಟೋ ಜನ ಸದ್ದು ಅಂದ ತಕ್ಷಣ ದುಬಾರಿ ಸೈಲೆಂಟ್ ಬಟನ್ ತರಿಸುತ್ತಾರೆ. ಸಾಗಣೆ ಖರ್ಚು, ಸುಂಕ ಎಲ್ಲ ಕಟ್ಟಿ ತರಿಸಿ, ಅದನ್ನು ಬರೀ ಟೇಬಲ್ಲಿನ ಮೇಲೆ ಇಟ್ಟ ಟೊಳ್ಳು ಪೆಟ್ಟಿಗೆಗೆ ಹಾಕುತ್ತಾರೆ. ಕ್ರಮ ತಲೆಕೆಳಗಾಯಿತು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮೊದಲು ಕೆಳಗಿನ ಮೆತ್ತೆ, ಆಮೇಲೆ ಪೆಟ್ಟಿಗೆಯ ಹೊಟ್ಟೆ, ಆಮೇಲೆ ಗುಂಡಿ, ಲಿವರ್ ಎಲ್ಲಕ್ಕಿಂತ ಕೊನೆಗೆ.

ಪೆಟ್ಟಿಗೆಯ ಹೊಟ್ಟೆ ಖಾಲಿ ಇದ್ದರೆ ಅದು ತಮಟೆಯ ಹಾಗೆ. ನಾನು ತಳದ ಹಲಗೆಯ ಒಳಬದಿಗೆ ಕಾರಿನ ಬಾಗಿಲಿಗೆ ಅಂಟಿಸುವ ಡ್ಯಾಂಪಿಂಗ್ ಶೀಟ್ ಅಂಟಿಸಿದೆ, ಉಳಿದ ಜಾಗಕ್ಕೆ ಹಳೇ ದಿಂಬಿನ ಫೋಮ್ ಸಡಿಲವಾಗಿ ತುಂಬಿದೆ. ಲಿವರಿನ ಕೆಳತುದಿ ಆಡುವ ಜಾಗವನ್ನು ಮಾತ್ರ ಪೂರ್ತಿ ಬಿಡಬೇಕು. ನಾನು ಮೊದಲು ಅಲ್ಲಿಗೂ ತುರುಕಿದ್ದೆ, ಕೋಲು ಎಡಕ್ಕೆ ತಳ್ಳಿದರೆ ವಾಪಸ್ಸು ಬರುತ್ತಲೇ ಇರಲಿಲ್ಲ.

ಗುಂಡಿಗಳ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ಬೇಕು, ಯಾಕೆಂದರೆ ಆಟದಲ್ಲಿ ಹೆಚ್ಚು ಬಡಿತ ತಿನ್ನುವುದು ಅವೇ. ನನ್ನ ಬಳಿ ಇರುವುದು ಸಾನ್ವಾದ ಒಬಿಎಸ್‌ಎಫ್-30. ಅದರೊಳಗಿನ ಸ್ವಿಚ್ ಅಷ್ಟೇನೂ ಗಲಾಟೆಯದಲ್ಲ. ಸದ್ದು ಮಾಡುವುದು ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಬಡಿಯುವುದು. ಬೆರಳು ತಾಗುವ ಪ್ಲಂಜರ್ ಕೆಳಗೆ ಹೋಗಿ ತಳಕ್ಕೆ ಬಡಿಯುತ್ತದೆ, ಬಿಟ್ಟಾಗ ಮೇಲೆ ಬಂದು ಕವಚಕ್ಕೆ ಬಡಿಯುತ್ತದೆ. ಒಂದು ಒತ್ತಿಗೆ ಎರಡು ಬಡಿತ. ಎಲ್ಲರೂ ಕೆಳಗಿನದನ್ನು ಮಾತ್ರ ನೋಡುತ್ತಾರೆ, ವಾಪಸ್ಸು ಬರುವಾಗಿನ ಬಡಿತವನ್ನು ಮರೆಯುತ್ತಾರೆ. ಬೆರಳು ಸರ್ರನೆ ತೆಗೆದಾಗ ಅದೇ ಜೋರು.

ಸ್ಟೇಷನರಿ ಅಂಗಡಿಯಲ್ಲಿ ಮಕ್ಕಳ ಪ್ರಾಜೆಕ್ಟಿಗೆ ಸಿಗುವ ಬಣ್ಣದ ಫೋಮ್ ಶೀಟ್ ತಂದೆ. ಮಗಳು ಗುಲಾಬಿ ಬಣ್ಣದ್ದೇ ಬೇಕು ಅಂದಳು, ಸರಿ. ಮೊದಲ ಸಲ 3 ಮಿಮೀ ದಪ್ಪದ್ದು ಕತ್ತರಿಸಿ ಹಾಕಿದೆ. ಸದ್ದು ಪೂರ್ತಿ ಹೋಯಿತು, ಜೊತೆಗೆ ಗುಂಡಿಯೂ ಕೆಲಸ ಬಿಟ್ಟಿತು, ಸ್ವಿಚ್ ಒತ್ತುವಷ್ಟು ಕೆಳಗೆ ಪ್ಲಂಜರ್ ಇಳಿಯುತ್ತಲೇ ಇರಲಿಲ್ಲ. ಆಮೇಲೆ 1 ಮಿಮೀದು ತಂದೆ. ಅದನ್ನು ಉಂಗುರದ ಹಾಗೆ ಕತ್ತರಿಸಿ ಕೆಳಗೊಂದು, ಮೇಲಿನ ಅಂಚಿನ ಒಳಗೆ ಸಣ್ಣ ಚೂರು ಎರಡು. ಗುಂಡಿಯನ್ನು ಬಿಚ್ಚುವಾಗ ಕೊಕ್ಕೆಗಳನ್ನು ಸಣ್ಣ ಸ್ಕ್ರೂಡ್ರೈವರಿನಿಂದ ನಿಧಾನಕ್ಕೆ ಒಳಗೆ ಒತ್ತಬೇಕು, ಅವಸರ ಮಾಡಿದರೆ ಮುರಿಯುತ್ತವೆ. ಎಂಟು ಗುಂಡಿಗೆ ಒಂದು ಭಾನುವಾರದ ಮಧ್ಯಾಹ್ನ ಹಿಡಿಯಿತು. ಒಂದೊಂದು ಮುಗಿದಾಗಲೂ ಕಂಪ್ಯೂಟರಿಗೆ ಹಾಕಿ ಮೆಲ್ಲಗೆ ಒತ್ತಿದರೂ ಹತ್ತುತ್ತದೆಯೇ, ಬಿಟ್ಟ ತಕ್ಷಣ ಬಿಡುತ್ತದೆಯೇ ಅಂತ ನೋಡಿಕೊಂಡೆ. ಇಷ್ಟು ತಾಳ್ಮೆ ಇಲ್ಲದವರಿಗೆ ಸಾನ್ವಾದವರೇ ಒಳಗೆ ಮೆತ್ತೆ ಇಟ್ಟು ಮಾಡಿದ ಒಬಿಎಸ್‌ಎಫ್‌ಎಸ್-30 ಇದೆ. ಅದೇ ತೂತಿಗೆ ಕೂರುತ್ತದೆ. ಕೊಳ್ಳುವವರು ಕೊಳ್ಳಲಿ, ಆದರೆ ಮೆತ್ತೆ ಹಾಕಿದ ಮೇಲೆ.

ಬೆರಳಿಗೆ ವ್ಯತ್ಯಾಸ ತಿಳಿಯುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಮೊದಲಿನ ಗರಿಗರಿ ಹೋಗಿ ಸ್ವಲ್ಪ ಇಡ್ಲಿ ಒತ್ತಿದ ಹಾಗಾಗುತ್ತದೆ. ಒಂದು ವಾರ ನನಗೂ ಕಸಿವಿಸಿ. ಎಂಟನೇ ದಿನ ಮರೆತೇಹೋಯಿತು.

ಲಿವರ್ ಮಾತ್ರ ಇನ್ನೂ ಪೂರ್ತಿ ಮಣಿದಿಲ್ಲ. ಅದರಲ್ಲಿ ಸ್ವಿಚ್ಚಿನ ಟಿಕ್ ಒಂದು, ಕೋಲಿನ ಕೆಳತುದಿ ಗೇಟಿಗೆ, ಅಂದರೆ ಅದು ಎಲ್ಲೆ ಮೀರದಂತೆ ತಡೆಯುವ ಚೌಕಾಕಾರದ ಚೌಕಟ್ಟಿಗೆ, ಬಡಿಯುವುದು ಇನ್ನೊಂದು. ಟಿಕ್ ಹೋಗಬೇಕೆಂದರೆ ಆಪ್ಟಿಕಲ್ ಬೋರ್ಡ್ ಹಾಕಿಸಬೇಕು. ಅದರಲ್ಲಿ ಸ್ವಿಚ್ಚೇ ಇಲ್ಲ, ಬೆಳಕಿನ ಕಿರಣ ಅಡ್ಡವಾದರೆ ದಿಕ್ಕು ಗೊತ್ತಾಗುತ್ತದೆ. ಆದರೆ ಮಾಮೂಲಿ ಲಿವರಿನ ಐದು ವೈರಿನಲ್ಲಿ ನಾಲ್ಕು ದಿಕ್ಕಿಗೆ, ಒಂದು ಗ್ರೌಂಡಿಗೆ. ಆಪ್ಟಿಕಲ್‌ಗೆ ಕರೆಂಟು ಬೇಕು, ಅಂದರೆ ಇನ್ನೊಂದು ವೈರು, ಅದನ್ನು ಕೊಡುವ ಬೋರ್ಡು. ತರಿಸುವ ಮೊದಲು ಇದನ್ನು ನೋಡಿಕೊಳ್ಳಿ. ಅದನ್ನು ಹಾಕಿದರೂ ಗೇಟಿನ ಬಡಿತ ಹಾಗೇ ಇರುತ್ತದೆ. ಗೇಟಿನ ಒಳಗೋಡೆಗೆ ತೆಳು ಫೆಲ್ಟ್ ಅಂಟಿಸಿ ನೋಡಿದೆ, ಕೋಲು ಓಡಾಡುವ ಜಾಗ ಕಿರಿದಾಗಿ ಮೂಲೆ ಸಿಗದಂತಾಯಿತು, ಕಿತ್ತುಹಾಕಿದೆ.

ಕೊನೆಗೆ ಬದಲಾಗಬೇಕಾದದ್ದು ನನ್ನ ಕೈ. ನಾನು ಅಂಗಡಿಯಲ್ಲಿ ಕಲಿತವಳು, ಕೋಲನ್ನು ಗೋಡೆಗೆ ಅಪ್ಪಳಿಸುವ ಹಾಗೆ ತಳ್ಳುತ್ತಿದ್ದೆ. ಸ್ವಿಚ್ ಹತ್ತುವುದು ಗೇಟ್ ಮುಟ್ಟುವುದಕ್ಕಿಂತ ಎಷ್ಟೋ ಮೊದಲೇ. ಆಮೇಲಿನ ತಳ್ಳಾಟವೆಲ್ಲ ದಂಡ. ಕೋಲನ್ನು ಬಿಟ್ಟುಬಿಡದೆ ಬೆರಳಲ್ಲೇ ಹಿಡಿದು ನಡುವಿಗೆ ತಂದರೆ ಅದು ಆ ಕಡೆಗೆ ಜಿಗಿದು ಬಡಿಯುವುದೂ ತಪ್ಪುತ್ತದೆ. ಎರಡು ತಿಂಗಳು ಹಿಡಿಯಿತು. ನನ್ನ ಆಟವೂ ಸುಧಾರಿಸಿತು, ಮೊದಲು ತಪ್ಪುತ್ತಿದ್ದ ಚಲನೆಗಳು ಈಗ ಕೈಗೆ ಬರುತ್ತವೆ.

"ಆ ಟಕ್ ಸದ್ದೇ ಮಜಾ, ಅದನ್ನು ತೆಗೆದರೆ ಇನ್ನೇನು ಉಳಿಯಿತು" ಅನ್ನುವ ಗೆಳೆಯರಿದ್ದಾರೆ. ಅವರ ಪ್ರೀತಿ ನನಗೆ ಅರ್ಥವಾಗುತ್ತದೆ, ನನಗೂ ಆ ಸದ್ದು ದಾವಣಗೆರೆಯ ಆ ಕತ್ತಲೆ ಅಂಗಡಿಯನ್ನು ನೆನಪಿಸುತ್ತದೆ. ಆದರೆ ಅಲ್ಲಿ ಯಾರೂ ಮಲಗಿರಲಿಲ್ಲ. ನಮ್ಮ ದೇಶದ ಶಬ್ದ ಮಾಲಿನ್ಯ ನಿಯಮ, 2000ರದ್ದು, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ವಸತಿ ಪ್ರದೇಶಕ್ಕೆ 45 ಡೆಸಿಬೆಲ್ ಮಿತಿ ಇಟ್ಟಿದೆ. ಧ್ವನಿವರ್ಧಕದವರನ್ನು ಬೈಯುವಾಗ ಅದನ್ನು ನಾವೆಲ್ಲ ಹೇಳುತ್ತೇವೆ. ಗೋಡೆಯಾಚೆ ಮಲಗಿದವರಿಗೆ ನಮ್ಮ ಟೇಬಲ್ಲೂ ಅಷ್ಟೇ ಅಲ್ಲವೇ. ಆಟ ಬಿಡಿ ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಬಿಡಬೇಡಿ. ಅದರಲ್ಲೂ ಹೆಣ್ಣುಮಕ್ಕಳು, ದಿನದಲ್ಲಿ ಒಂದು ಗಂಟೆ ಕಷ್ಟಪಟ್ಟು ಗಿಟ್ಟಿಸಿಕೊಂಡವರು, ಬಿಡಲೇಬೇಡಿ. ಆ ಗಂಟೆಯ ಬೆಲೆಯನ್ನು ಪಕ್ಕದ ಕೋಣೆಯವರ ನಿದ್ದೆಯಿಂದ ತೆರಬಾರದು ಅನ್ನುವುದಷ್ಟೇ ನನ್ನ ಮಾತು.

ಸ್ಟಾರ್ಟ್ ಬಟನ್ ಒಂದಕ್ಕೆ ಮಾತ್ರ ಏನೂ ಮಾಡಿಲ್ಲ. ಅದು 24 ಮಿಮೀ ಅಳತೆಯದು, ನಾನು ಕತ್ತರಿಸಿದ ಉಂಗುರ ಕೂರುವುದಿಲ್ಲ. ಬೇರೆ ಕತ್ತರಿಸೋಣ ಅಂತ ಹೋದ ವಾರ ಕತ್ತರಿ ತೆಗೆದುಕೊಂಡು ಕೂತಿದ್ದೆ. ಅತ್ತೆ ನೋಡಿ ಕೇಳಿದರು, ಹೇಳಿದೆ.

"ಅದೊಂದು ಇರ್ಲಿ ಬಿಡೇ" ಅಂದರು. "ಒಂದು ಸಲ ಟಕ್ ಅನ್ನುತ್ತೆ. ಕೆಲ್ಸ ಎಲ್ಲ ಮುಗೀತು, ಇವಳು ಕೂತ್ಲು ಅಂತ ಗೊತ್ತಾಗುತ್ತೆ. ನಾನೂ ಮಗ್ಗುಲು ಬದಲಾಯಿಸಿ ಮಲಗ್ತೀನಿ."