ಬೆರಳು ತೋರಿಸು ನೋಡೋಣ

2024ರ ಜುಲೈ 4ರ ಗುರುವಾರ ಬ್ರಿಟನ್ನಿನ ಸಂಸತ್ ಚುನಾವಣೆಯಲ್ಲಿ ನಾನು ಮತ ಹಾಕಿದೆ. ಹಾಕಿದ್ದೇನೆಂದು ಮೈಸೂರಿನ ಸೋದರಮಾವನನ್ನು ನಂಬಿಸಲು ಮಾತ್ರ ಇನ್ನೂ ಆಗಿಲ್ಲ.

ಮಧ್ಯಾಹ್ನ ಕಚೇರಿಯಲ್ಲಿ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಸರಿಯಾಗಿ ಅವರ ವಿಡಿಯೊ ಕರೆ ಬಂತು. ಅವರಿಗದು ಸಂಜೆಯ ಕಾಫಿಯ ಸಮಯ.

"ಓಟು ಹಾಕಿದೆಯೇನೋ?"

"ಹಾಕಿದೆ ಮಾವ."

"ಎಲ್ಲಿ, ಬೆರಳು ತೋರಿಸು ನೋಡೋಣ."

ಇಲ್ಲಿ ಮಸಿ ಹಚ್ಚುವುದಿಲ್ಲ ಎಂದೆ. ಅವರು ಕನ್ನಡಕ ಏರಿಸಿಕೊಂಡರು. "ಎಡಗೈ ಹಿಡಿ. ಇನ್ನೂ ಹತ್ತಿರ." ಸಹೋದ್ಯೋಗಿಗಳ ಎದುರು ಮೊಬೈಲಿಗೆ ತೋರುಬೆರಳು ಒಡ್ಡಿಕೊಂಡು ಕುಳಿತೆ. ಬಲಗೈಯ ತಪಾಸಣೆಯೂ ಆಯಿತು. ಮಸಿಯಿಲ್ಲದಿದ್ದರೆ ಒಬ್ಬನೇ ಹತ್ತು ಸಲ ಹಾಕಿ ಬರುವುದಿಲ್ಲವೇ ಎಂದರು. ಪಟ್ಟಿಯಲ್ಲಿ ಹೆಸರಿನ ಮೇಲೆ ಸ್ಕೇಲಿಟ್ಟು ಗೆರೆ ಎಳೆಯುತ್ತಾರೆ ಎಂದೆ. "ಮತಯಂತ್ರ?" ಅದೂ ಇಲ್ಲ, ಕಾಗದದ ಚೀಟಿ, ದಾರ ಕಟ್ಟಿದ ಮೋಟು ಪೆನ್ಸಿಲ್. ಅಷ್ಟು ಸಾಕಾಯಿತು. ಅಡುಗೆಮನೆಯಿಂದ ಅತ್ತೆಯನ್ನು ಕೂಗಿ ಕರೆದರು. "ಇಲ್ಲಿ ಬಾರೇ, ನಮ್ಮನ್ನು ಅಷ್ಟು ವರ್ಷ ಆಳಿದವರು ಪೆನ್ಸಿಲಿನಲ್ಲಿ ಓಟು ಹಾಕುತ್ತಾರಂತೆ! ಇವನ ಕೈ ನೋಡು, ಒಂದು ಚುಕ್ಕೆ ಇಲ್ಲ." ಅತ್ತೆಯೂ ನೋಡಿದರು. ಕೈ ಒಣಗಿದೆ, ಸ್ವಲ್ಪ ಎಣ್ಣೆ ಹಚ್ಚಿಕೋ ಎಂದರು.

ಮಸಿಯ ವಿಷಯದಲ್ಲಿ ಮಾವನಿಗೆ ಸ್ವಂತ ಆಸ್ತಿಯ ಭಾವ. ಅದು ತಯಾರಾಗುವುದೇ ಅವರ ಊರಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯಲ್ಲಿ. 1962ರಿಂದ ದೇಶದ ಬೆರಳುಗಳಿಗೆಲ್ಲ ಅಲ್ಲಿಂದಲೇ ಸರಬರಾಜು, ಹೊರದೇಶಗಳಿಗೂ ಹೋಗುತ್ತದೆ. ಬ್ರಿಟನ್ ಮಾತ್ರ ಕೊಳ್ಳದಿರುವುದು ಅವರಿಗೆ ವೈಯಕ್ತಿಕ ಅವಮಾನ. ಆ ವರ್ಷದ ಏಪ್ರಿಲ್ 26ರಂದು, ಮೈಸೂರಿನಲ್ಲಿ ಲೋಕಸಭೆಗೆ ಮತದಾನ ನಡೆದ ದಿನ, ತಮ್ಮ ಬೆರಳಿನ ಚಿತ್ರ ತೆಗೆದು ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ್ದರು. ಕೆಳಗೊಂದು ಸಾಲು: "ಮತ ಹಾಕದವರಿಗೆ ಸರ್ಕಾರವನ್ನು ಪ್ರಶ್ನಿಸುವ ಹಕ್ಕಿಲ್ಲ." ಗುಂಪಿನಲ್ಲಿ ಅಂದು ಮತ ಹಾಕದವರು ಯಾರು ಯಾರೆಂದು ಎಲ್ಲರಿಗೂ ಗೊತ್ತಿತ್ತು.

ಉರಿಯುವುದು ಇಲ್ಲಿಯೇ. ಬ್ರಿಟನ್ನಿನಲ್ಲಿ ನೆಲೆಸಿರುವ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೆ ಇಲ್ಲಿನ ಸಂಸತ್ತಿಗೆ ಮತ ಹಾಕುವ ಹಕ್ಕಿದೆ. ಗುರುತಿಗೆ ನನ್ನ ಭಾರತದ ಪಾಸ್‌ಪೋರ್ಟ್ ತೋರಿಸಿ, ಹೆಸರನ್ನು ಸರಿಯಾಗಿ ಉಚ್ಚರಿಸಲೂ ಬಾರದ ಅಭ್ಯರ್ಥಿಗೆ ಮತ ಒತ್ತಿ, ಕಚೇರಿಗೆ ಹೊತ್ತಿಗೆ ಮುಂಚೆಯೇ ತಲುಪಿದೆ. ಅದೇ ಪಾಸ್‌ಪೋರ್ಟಿನ ಬಲದಿಂದ ನಮ್ಮ ಕ್ಷೇತ್ರಕ್ಕೆ ಮತ ಹಾಕಬೇಕೆಂದರೆ ನಮೂನೆ 6ಎ ತುಂಬಿ, ಪಟ್ಟಿಯಲ್ಲಿ ಹೆಸರು ಸೇರಿಸಿ, ಆ ದಿನ ವಿಮಾನ ಹತ್ತಿ ಮೈಸೂರಿನ ಮತಗಟ್ಟೆಯಲ್ಲಿ ಖುದ್ದಾಗಿ ಹಾಜರಾಗಬೇಕು. ಮತಗಟ್ಟೆಯೆಂದರೆ ನಮ್ಮ ಬೀದಿಯ ಸರ್ಕಾರಿ ಶಾಲೆ. ಗೇಟಿನಾಚೆ ಎರಡು ಪಕ್ಷದವರೂ ಮೇಜು ಹಾಕಿಕೊಂಡು ಮತದಾರರ ಚೀಟಿ ಬರೆದುಕೊಡುತ್ತಿದ್ದರು, ಇಬ್ಬರೂ ನಮ್ಮ ಜೊತೆ ಆಡಿ ಬೆಳೆದ ಹುಡುಗರೇ. ಯಾರ ಮೇಜಿಗೆ ಹೋದರೆ ಯಾರಿಗೆ ಬೇಸರವೋ ಎಂಬ ಆ ಸಂಕಟ ಇಲ್ಲಿನ ಚರ್ಚಿನ ಸಭಾಂಗಣದಲ್ಲಿ ಎಲ್ಲಿ ಸಿಗಬೇಕು? ನನ್ನ ಮುಂದೆ ಒಬ್ಬ ವೃದ್ಧೆ, ಅವರ ನಾಯಿ, ಅಷ್ಟೇ ಸರದಿ.

ಜೂನ್ 4ರ ಎಣಿಕೆಗೆ ಬೆಳಗಿನ ಜಾವ ಮೂರೂವರೆಗೇ ಎದ್ದು, ಮನೆಯವರಿಗೆ ಕೇಳಿಸದಂತೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ನಮ್ಮ ಸಮೀಕ್ಷೆಗಳೆಲ್ಲ ಒಂದೊಂದಾಗಿ ಮಗುಚಿಕೊಂಡದ್ದನ್ನು ನೋಡಿದ್ದೆ. ಇಲ್ಲಿ ಆ ಕಷ್ಟವಿಲ್ಲ. ರಾತ್ರಿ ಹತ್ತಕ್ಕೆ ಮತದಾನ ಮುಗಿದ ಕ್ಷಣವೇ ಟಿವಿಯವರು ಲೇಬರ್ ಪಕ್ಷಕ್ಕೆ 410 ಎಂದರು, ಎಣಿಸಿದಾಗ ಹೆಚ್ಚುಕಡಿಮೆ ಅಷ್ಟೇ ಬಂತು. ಇಷ್ಟು ಸರಿಯಾಗಿ ಹೇಳಿದರೆ ಚುನಾವಣೆಯಲ್ಲಿ ರುಚಿಯೇನು ಉಳಿಯಿತು? ಟಿವಿ ಆರಿಸಿ ಮಲಗಿದೆ.

ಐದಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗ ಫೋನ್. "ಏಳೋ, ನಮ್ಮ ಅಳಿಯಂದಿರು 12 ಸಾವಿರಕ್ಕೂ ಹೆಚ್ಚು ಅಂತರದಿಂದ ಗೆದ್ದರು!" ಅಳಿಯಂದಿರೆಂದರೆ ಅಂದಿನ ಪ್ರಧಾನಿ ರಿಷಿ ಸುನಕ್. ಅವರ ಹೆಂಡತಿಯ ತಂದೆ ನಾರಾಯಣಮೂರ್ತಿ ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿದವರು, ಹಾಗಾಗಿ ಅಳಿಯ ಇಡೀ ಮೈಸೂರಿಗೆ ಸೇರಿದವರು. ಕ್ಷೇತ್ರ ಗೆದ್ದರೂ ಸರ್ಕಾರ ಹೋಯಿತು ಮಾವ ಎಂದೆ. ಅದಕ್ಕೆ ಅವರು ಕಿವಿಗೊಡಲಿಲ್ಲ, ಕಣ್ಣು ಟಿವಿಯ ಮೇಲಿತ್ತು.

"ಅವರ ಜೊತೆ ವೇದಿಕೆಯ ಮೇಲೆ ತಲೆಗೆ ಕಸದ ಡಬ್ಬಿ ಕವುಚಿಕೊಂಡು ನಿಂತಿದ್ದಾನಲ್ಲ, ಯಾರವನು? ಅಂಗರಕ್ಷಕನೇ?"

"ಅಭ್ಯರ್ಥಿ. ಕೌಂಟ್ ಬಿನ್‌ಫೇಸ್ ಅಂತ."

ಬಹಳ ಹೊತ್ತು ಮಾತಿಲ್ಲ. ಆಮೇಲೆ, "ಠೇವಣಿ?"

"500 ಪೌಂಡ್. 308 ಮತ ಬಿದ್ದಿವೆ. ಹೋಯಿತು."

"ಸದ್ಯ," ಎಂದರು. ಆಮೇಲೆ ಸಂಶಯದಿಂದ ಕೇಳಿದರು: "ಆ ಪೆನ್ಸಿಲಿನಲ್ಲಿ ನೀನು ಒತ್ತಿದ್ದು ಇಂಥವನಿಗೇ ತಾನೇ?"

ಅದೇ ವರ್ಷದ ನವೆಂಬರಿನಲ್ಲಿ ಅಮೆರಿಕದ ಸರದಿಯಿತ್ತು. ಮಾವನ ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ; 2020ರಲ್ಲಿ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಯಾರು ಗೆದ್ದರೆಂದು ತಿಳಿಯಲು ನಾಲ್ಕು ದಿನ ಹಿಡಿದಿತ್ತು. ತನ್ನ ಬಳಿ ಇರುವುದು ಗ್ರೀನ್ ಕಾರ್ಡ್ ಮಾತ್ರ, ಅದರಲ್ಲಿ ಮತ ಹಾಕಲಾಗುವುದಿಲ್ಲ ಎಂಬುದನ್ನು ಅಪ್ಪನಿಗೆ ದಯವಿಟ್ಟು ಹೇಳಬೇಡ ಎಂದು ಅವಳಿಂದ ಆಗಲೇ ಸಂದೇಶ ಬಂದಿತ್ತು. ಯೋಚಿಸಿ ಹೇಳುತ್ತೇನೆ ಎಂದಿದ್ದೆ.