ವಾಚ್ ಸಾಹೇಬರ ಸಹಿ ಬೀಳದ ಓಟ

ಬೆಳಗಿನ ಐದೂವರೆಗೆ ವಿಜಯಪುರದ ಸ್ಟೇಶನ್ ರೋಡಿನಲ್ಲಿ ಏಳೆಂಟು ಮಂದಿ ಎಡಗೈ ಆಕಾಶಕ್ಕೆ ಎತ್ತಿ, ಅಲ್ಲಾಡದೆ ನಿಂತಿದ್ದರೆ ಯಾವುದೋ ಹೊಸ ವ್ರತ ಶುರುವಾಗಿದೆ ಎಂದುಕೊಳ್ಳಬೇಡಿ. ಅವರು ಓಡಲು ಬಂದವರು. ಬೂಟಿನ ಲೇಸಿಗೆ ಎರಡೆರಡು ಗಂಟು ಬಿದ್ದಿದೆ, ಮೈ ಬೆಚ್ಚಗಾಗಿದೆ, ಹೊಟ್ಟೆ ಹಗುರಾಗಿದೆ. ಆದರೆ ಮಣಿಕಟ್ಟಿನ ಜಿಪಿಎಸ್ ವಾಚಿಗೆ 20,200 ಕಿಲೋಮೀಟರ್ ಮೇಲಿನ ಉಪಗ್ರಹಗಳಿಂದ ಇನ್ನೂ ಮಂಜೂರಾತಿ ಬಂದಿಲ್ಲ.

"ಸಿಕ್ತೇನ್ರಿ ಸರ?"

"ಇಲ್ರಿ, ಇನ್ನೂ ತಿರಗ್ಲಿಕತ್ತದ."

"ನಂದು ಹಸರ ಆತು ನೋಡ್ರಿ. ನಾ ಹೊಂಟೆ."

ಕೈ ಎತ್ತಿದರೆ 20,200 ಕಿಲೋಮೀಟರಿನಲ್ಲಿ ಅರ್ಧ ಮೀಟರ್ ಉಳಿಯುತ್ತದೆ, ನಿಜ. ವಾಚಿಗೆ ಬೇಕಾದದ್ದು ಬೇರೆ. ಕನಿಷ್ಠ ನಾಲ್ಕು ಉಪಗ್ರಹಗಳು ಸಿಗಬೇಕು, ಅವು ಈಗ ಎಲ್ಲಿವೆ ಎಂಬ ಪಟ್ಟಿಯೂ ಸಿಗಬೇಕು. ಪ್ರತಿ ಉಪಗ್ರಹ ತನ್ನ ಪಟ್ಟಿಯನ್ನು 30 ಸೆಕೆಂಡಿಗೊಮ್ಮೆ ಸಾರುತ್ತದೆ. ಇಡೀ ತಂಡದ ಪಂಚಾಂಗ ಪೂರ್ತಿ ಇಳಿಯಲು ಹನ್ನೆರಡೂವರೆ ನಿಮಿಷ ಬೇಕು. ಹಿಂದಿನ ರಾತ್ರಿ ಬ್ಲೂಟೂತ್ ಹಾಕಿ ಫೋನಿನ ಆ್ಯಪ್ ತೆರೆದಿದ್ದರೆ ಮುಂದಿನ ಕೆಲವು ದಿನಗಳ ಪಟ್ಟಿ ಮೊದಲೇ ವಾಚಿನೊಳಗೆ ಬಂದು ಕೂತಿರುತ್ತದೆ, ನಾಲ್ಕಾರು ಸೆಕೆಂಡಿನಲ್ಲಿ ಕೆಲಸ ಮುಗಿಯುತ್ತದೆ. ಇಷ್ಟು ಸುಲಭದ ಉಪಾಯ ಯಾರಿಗೆ ಬೇಕು? ಕೈ ಎತ್ತಿ ಕಾಯುವುದರಲ್ಲಿ ಒಂದು ಗಾಂಭೀರ್ಯ ಇದೆ. ಕಾಯಲಾರದೆ ಗುಂಡಿ ಒತ್ತಿ ಓಡಿದವರಿಗೆ ಶಿಕ್ಷೆಯೂ ಇದೆ: ಮೊದಲ ಇನ್ನೂರು ಮೀಟರ್ ಲೆಕ್ಕಕ್ಕೇ ಬರುವುದಿಲ್ಲ, ನಕ್ಷೆಯಲ್ಲಿ ಓಟ ಯಾರದೋ ಅಡುಗೆಮನೆಯಿಂದ ಆರಂಭವಾಗುತ್ತದೆ.

ಇನ್ನು ಗುಮ್ಮಟದ ಹತ್ತಿರ, ಹಳೆಯ ಕೋಟೆಗೋಡೆಯ ಪಕ್ಕ, ಬೇವಿನ ಮರಗಳ ಕೆಳಗೆ ಓಡುವವರ ಗೆರೆ ಹಾವಿನಂತಾಗುವುದಕ್ಕೆ ವಾಚಿನ ಕಂಪನಿಯನ್ನು ಬಯ್ಯುವ ಮೊದಲು ಗೋಳಗುಮ್ಮಟದ ಒಳಗೆ ಹೋಗಿ ಒಂದು ಕೂಗು ಹಾಕಿ ನೋಡಬೇಕು. ಒಂದು ಕೂಗು ಏಳು ಸಲ ಮರಳಿ ಬರುತ್ತದಲ್ಲ, ಉಪಗ್ರಹದ ಸಂಕೇತದ ಪಾಡೂ ಅದೇ. ನೇರ ಬರಬೇಕಾದದ್ದು ಗೋಡೆಗೆ ಬಡಿದು ತಡವಾಗಿ ಬರುತ್ತದೆ. ವಾಚು ದೂರ ಅಳೆಯುವುದು ಸಂಕೇತ ತಲುಪಿದ ಸಮಯದಿಂದ. 30 ನ್ಯಾನೊಸೆಕೆಂಡ್ ತಡವಾದರೆ 9 ಮೀಟರ್ ತಪ್ಪು. ಎರಡು ಕಂಪನಾಂಕ ಹಿಡಿಯುವ ದುಬಾರಿ ವಾಚು ಈ ಪ್ರತಿಧ್ವನಿಯನ್ನು ಸಾಕಷ್ಟು ಸೋಸುತ್ತದೆ, ಬದಲಿಗೆ ಬ್ಯಾಟರಿ ಬೇಗ ನುಂಗುತ್ತದೆ. ಅಗ್ಗದ ವಾಚು ಸೋಸುವುದಿಲ್ಲ. ನೀವು ರಸ್ತೆಯಲ್ಲಿದ್ದರೂ ಅದು ನಿಮ್ಮನ್ನು ಕಂದಕದಲ್ಲಿ ಓಡಿಸಿ ಪೇಸ್ ಕಿಲೋಮೀಟರಿಗೆ ಮೂರೂವರೆ ನಿಮಿಷ ಎಂದು ಬರೆದುಕೊಡುತ್ತದೆ. ಆ ದಿನ ಮಾತ್ರ ಯಾರೂ ದೂರು ಕೊಡುವುದಿಲ್ಲ.

ಓಟ ಮುಗಿಯುವುದು ಮನೆ ಬಂದಾಗ ಅಲ್ಲ, ಪೂರ್ಣಾಂಕ ಬಂದಾಗ. ಗೇಟಿನ ಚಿಲಕಕ್ಕೆ ಕೈ ಹಾಕಿದ ಗೃಹಸ್ಥರು ಮಣಿಕಟ್ಟು ನೋಡುತ್ತಾರೆ: 4.97. ಚಿಲಕ ಬಿಟ್ಟು ತಿರುಗಿ ಓಣಿಯ ಕಿರಾಣಿ ಅಂಗಡಿವರೆಗೆ ಓಡುತ್ತಾರೆ, ಮರಳುತ್ತಾರೆ, ಬಾಗಿ ನೋಡುತ್ತಾರೆ, ಮತ್ತೆ ಓಡುತ್ತಾರೆ. ಎದುರು ಮನೆಯ ಅಂಗಳದಲ್ಲಿ ರಂಗೋಲಿ ಹಾಕುವ ಮುದುಕಿಗೆ ತಡೆಯಲಾಗುವುದಿಲ್ಲ.

"ಏನ್ ಕಳಕೊಂಡ್ಯೋ ತಮ್ಮಾ?"

"ಮೂವತ್ತ ಮೀಟರ್, ಆಯಿ."

"ಹುಡುಕು, ಸಿಗ್ತದ. ಇಲ್ಲೇ ಎಲ್ಲೋ ಬಿದ್ದಿರ್ತದ."

ಈ ರೋಗದವರಿಗೆ ತಿಳಿದವರು ಹೇಳುವ ಔಷಧ ಏನೆಂದರೆ, 5.00ಕ್ಕೆ ನಿಲ್ಲಬೇಡಿ, 5.03ಕ್ಕೆ ನಿಲ್ಲಿ. ವಾಚು ಕಳಿಸಿದ ಬಿಂದುಗಳನ್ನು ಆ್ಯಪ್ ತನ್ನದೇ ಲೆಕ್ಕದಲ್ಲಿ ಮತ್ತೆ ಕೂಡುವುದುಂಟು; ವಾಚಿನ 5.00 ಅಲ್ಲಿ 4.99 ಆಗಿ ಕೂರುತ್ತದೆ. ಬಯಲಿನಲ್ಲೂ ಈ ಯಂತ್ರ ಮೂರರಿಂದ ಐದು ಮೀಟರ್ ಆಚೀಚೆ ತೋರಿಸುವುದು ಸಹಜ. ಆದರೂ ಆ ಎರಡನೆಯ ದಶಮಾಂಶಕ್ಕೆ ಇರುವ ಬೆಲೆ ಪಹಣಿಯ ಸರ್ವೆ ನಂಬರಿಗೂ ಇಲ್ಲ.

400 ಮೀಟರ್ ಟ್ರ್ಯಾಕಿನಲ್ಲಿ ಇದು ಇನ್ನೂ ರಂಗೇರುತ್ತದೆ. ಕಣ್ಣೆದುರು ಗೆರೆ ಇದೆ. ಒಂದನೇ ಲೇನಿನಲ್ಲಿ 25 ಸುತ್ತು ಹಾಕಿದರೆ 10 ಕಿಲೋಮೀಟರ್, ಇದರಲ್ಲಿ ವಾದಕ್ಕೆ ಜಾಗವಿಲ್ಲ. ಆದರೆ ವಾಚು ಸೆಕೆಂಡಿಗೊಂದು ಬಿಂದು ಇಟ್ಟು ಅವನ್ನು ನೇರ ಗೆರೆಯಿಂದ ಜೋಡಿಸುತ್ತದೆ. ತಿರುವಿನಲ್ಲಿ ಸ್ವಲ್ಪ ಕತ್ತರಿಸುತ್ತದೆ, ನೇರದಲ್ಲಿ ಸ್ವಲ್ಪ ನಡುಗುತ್ತದೆ, ಕೊನೆಗೆ 9.8 ಎನ್ನುತ್ತದೆ ಅಥವಾ 10.3 ಎನ್ನುತ್ತದೆ. 9.8 ಬಂದವರು ಇಪ್ಪತ್ತಾರನೇ ಸುತ್ತಿಗೆ ಹೊರಡುತ್ತಾರೆ. 10.3ರ ವಾಚಿನವರು ಇಪ್ಪತ್ತೈದನೇ ಸುತ್ತನ್ನು ನಡುವೆಯೇ ಬಿಟ್ಟು ನಿಂಬೂ ಸೋಡಾ ಕುಡಿಯುತ್ತಾರೆ. ಟ್ರ್ಯಾಕ್ ಮೋಡ್ ಎಂಬುದೊಂದು ಹಲವು ವಾಚುಗಳಲ್ಲಿದೆ. ಅದರಲ್ಲಿ ಲೇನಿನ ನಂಬರು ಹೇಳಿ, ಮೊದಲ ಕೆಲವು ಸುತ್ತು ಅದೇ ಲೇನಿನಲ್ಲಿ ನಿಷ್ಠೆಯಿಂದ ಓಡಿದರೆ ಅದು ಕಲಿತು ಸರಿಯಾಗಿ ಎಣಿಸುತ್ತದೆ. ನಡುವೆ ಗೆಳೆಯರ ಜೊತೆ ಹರಟೆಗೆಂದು ಎಂಟನೇ ಲೇನಿಗೆ ಸರಿದರೆ ಒಂದು ಸುತ್ತಿಗೆ 53 ಮೀಟರ್ ಹೆಚ್ಚು ಓಡುತ್ತೀರಿ, ವಾಚು 400 ಎಂದೇ ಬರೆಯುತ್ತದೆ. ಪುಕ್ಕಟೆ ದುಡಿಮೆ.

ಇದೇ ಜನ ಹಾಫ್ ಮ್ಯಾರಥಾನ್ ಮುಗಿಸಿ ಸಂಘಟಕರ ಟೇಬಲ್ಲಿಗೆ ಬರುವ ದೃಶ್ಯ ನೋಡಬೇಕು. ಒಬ್ಬರು, "ಇನ್ನೂರ ಮೀಟರ್ ಜಾಸ್ತಿ ಓಡಿಸೀರಿ, ನನ್ನ ರೆಕಾರ್ಡ್ ಹೋತು." ಅವರ ಹಿಂದೆಯೇ ಇನ್ನೊಬ್ಬರು, "ರೂಟ್ ಕಮ್ಮಿ ಮಾಡೀರಿ, ನನ್ನ ವಾಚಿನಾಗ ಇಪ್ಪತ್ತೊಂದ ಆಗೇ ಇಲ್ಲ." ಇಬ್ಬರೂ ಓಡಿದ್ದು ಒಂದೇ ರಸ್ತೆ. ಪ್ರಮಾಣಿತ ಓಟದ ಮಾರ್ಗವನ್ನು ಅಳೆಯುವುದು ಚಕ್ರಕ್ಕೆ ಸುತ್ತು ಎಣಿಸುವ ಜೋನ್ಸ್ ಕೌಂಟರ್ ಕೂರಿಸಿದ ಸೈಕಲ್ಲಿನಿಂದ, ತಿರುವುಗಳಲ್ಲಿ ಅತಿ ಹತ್ತಿರದ ಗೆರೆ ಹಿಡಿದು. ಮಾರ್ಗ ಕಡಿಮೆ ಬೀಳಬಾರದೆಂದು ಸಾವಿರಕ್ಕೆ ಒಂದು ಪಾಲು ಸೇರಿಸುತ್ತಾರೆ. 21.0975 ಕಿಲೋಮೀಟರಿಗೆ ಅದು 21 ಮೀಟರ್. ಉಳಿದ ಹೆಚ್ಚುವರಿ ಎಲ್ಲಿಂದ ಬಂತೆಂದರೆ, ನೀರಿನ ಟೇಬಲ್ಲಿಗೆ ಅಡ್ಡ ಹಾಯ್ದಿರಿ, ತಿರುವನ್ನು ಹೊರಗಿನಿಂದ ಸುತ್ತಿದಿರಿ, ಫೋಟೊ ತೆಗೆಯುವವನನ್ನು ಕಂಡು ರಸ್ತೆಯ ಆ ಬದಿಗೆ ಓಡಿ ಎರಡು ಬೆರಳು ತೋರಿಸಿದಿರಿ. ಹೀಗೆ 21.3 ಬರುವುದು ಸರ್ವೇಸಾಮಾನ್ಯ.

ಅಂದಹಾಗೆ ಆ ರೆಕಾರ್ಡಿನ ಗುಟ್ಟು ನೀವು ನಿಂತರೆ ಗಡಿಯಾರವನ್ನೂ ನಿಲ್ಲಿಸುವ ಆಟೊ ಪಾಜ್ ಎಂಬ ಗುಂಡಿಯಲ್ಲಿದೆ. ರೈಲ್ವೆ ಗೇಟು ಬಿತ್ತು, ವಾಚು ನಿಂತಿತು. ಗೆಳೆಯ ಸಿಕ್ಕ, ವಾಚು ನಿಂತಿತು. ಚುರುಮುರಿ ಸೂಸಲಾ, ಎರಡು ಮಿರ್ಚಿ, ಒಂದು ಕಪ್ ಚಹಾ, ಆಗಲೂ ವಾಚು ಮರ್ಯಾದೆಯಿಂದ ಹೊರಗೆ ನಿಂತೇ ಇತ್ತು. ಆ್ಯಪ್‌ನಲ್ಲಿ ದೊಡ್ಡಕ್ಷರದಲ್ಲಿ ಕಾಣುವುದು ಚಲನೆಯ ಸಮಯ 28 ನಿಮಿಷ. ಕೆಳಗೆ ಸಣ್ಣಕ್ಷರದಲ್ಲಿ ಒಟ್ಟು ಸಮಯ ಒಂದು ತಾಸು ಹತ್ತು ನಿಮಿಷ. ಓಟದ ದಿನ ಸಮಯ ಹಿಡಿಯುವ ನೆಲದ ಮ್ಯಾಟು, ಎದೆಯ ನಂಬರ್ ಚೀಟಿಯ ಹಿಂದಿನ ಚಿಪ್ಪು ಎರಡಕ್ಕೂ ಈ ಶಿಷ್ಟಾಚಾರ ಗೊತ್ತಿಲ್ಲ. ಅವು ನಿಲ್ಲುವುದೇ ಇಲ್ಲ.

ಹೃದಯದ ವಿಷಯಕ್ಕೆ ಬಂದರೆ ವಾಚಿನ ಧೈರ್ಯ ಮೆಚ್ಚಬೇಕು. ಹಸಿರು ಬೆಳಕು ಚರ್ಮದೊಳಗೆ ಬಿಟ್ಟು, ರಕ್ತ ಎಷ್ಟು ಹೀರಿತು, ಎಷ್ಟು ಮರಳಿತು ಎಂದು ನೋಡಿ ಬಡಿತ ಊಹಿಸುತ್ತದೆ. ಕಡಗದ ಹಾಗೆ ಸಡಿಲ ಹಾಕಿಕೊಂಡರೆ ಬೆಳಕು ಸೋರುತ್ತದೆ, ವಾಚು ಕುಣಿಯುತ್ತದೆ, ಆಗ ಅದು ರಕ್ತದ ಬಡಿತ ಬಿಟ್ಟು ಹೆಜ್ಜೆಯ ಬಡಿತವನ್ನೇ ಹಿಡಿದುಕೊಳ್ಳುತ್ತದೆ. ನಿಮಿಷಕ್ಕೆ 172 ಹೆಜ್ಜೆ ಇಡುವವನ ಹೃದಯವೂ 172. ಮನೆ ಕಟ್ಟಿಸುವ ಖರ್ಚಿನ ಬಗ್ಗೆ ಪೂರ್ತಿ ವಾಕ್ಯಗಳಲ್ಲಿ ಮಾತಾಡುತ್ತ ಓಡುತ್ತಿರುವ ಮನುಷ್ಯ ಗಕ್ಕನೆ ವಾಚು ನೋಡಿ ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂರುತ್ತಾನೆ. ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲೆ, ಚರ್ಮ ಸರಿಯದಷ್ಟು ಬಿಗಿ, ಹಿಂಬದಿಯ ಗಾಜು ಬೆವರು-ಎಣ್ಣೆ ಇಲ್ಲದೆ ಸ್ವಚ್ಛ, ಹಚ್ಚೆ ಇದ್ದರೆ ಇನ್ನೊಂದು ಕೈ. ಇಷ್ಟು ಮಾಡಿದರೆ ಅರ್ಧ ಗಾಬರಿ ಕಳೆಯುತ್ತದೆ. ಪೂರ್ತಿ ಕಳೆಯಬೇಕಾದರೆ ಎದೆಗೆ ಕಟ್ಟುವ ಬೆಲ್ಟು, ಅದು ಹೃದಯದ ವಿದ್ಯುತ್ತನ್ನೇ ಓದುತ್ತದೆ. ಕಟ್ಟುವ ಮೊದಲು ಒದ್ದೆ ಮಾಡದಿದ್ದರೆ ಅದೂ ಮೊದಲ ಹತ್ತು ನಿಮಿಷ ಸುಳ್ಳು ಹೇಳುತ್ತದೆ.

ಬಡಿತದ ಗರಿಷ್ಠ ಮಿತಿ ಯಾವುದು? ವಾಚು 220ರಲ್ಲಿ ವಯಸ್ಸು ಕಳೆಯುತ್ತದೆ. 1971ರ ಸುಮಾರಿಗೆ ಹಳೆಯ ಅಂಕಿಗಳ ಮೇಲೆ ಕಣ್ಣಳತೆಯಲ್ಲಿ ಎಳೆದ ಗೆರೆ ಅದು. ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಬಡಿತ ಹೆಚ್ಚುಕಡಿಮೆ ಇರುವುದು ಮಾಮೂಲು. ಆ ಗೆರೆಯ ಮೇಲೆ ಹಗುರದಿಂದ ಕಠಿಣದವರೆಗೆ ಐದು ವಲಯ ಕಟ್ಟಿ, ಎರಡನೇ ವಲಯದಿಂದ ಒಂದು ಬಡಿತವೂ ಮೇಲೇರಕೂಡದೆಂದು ಪ್ರತಿಜ್ಞೆ ಮಾಡಿದ ಪಂಥವೊಂದು ಊರಲ್ಲಿ ಬೆಳೆದಿದೆ. ಅವರು ಸ್ಟೇಶನ್ ರೋಡಿನಲ್ಲಿ ತರಕಾರಿ ಗಾಡಿಯ ಹಿಂದೆ ಓಡುತ್ತಾರೆ. ಗಾಡಿ ಮುಂದೆ ಹೋಗುತ್ತದೆ.

ಏಪ್ರಿಲ್ ಬಂದರೆ ಸಾಹೇಬರ ಅಸಲಿ ದರ್ಬಾರು. ನಲವತ್ತು ದಾಟುವ ಊರು. ಬೆಳಿಗ್ಗೆ ಆರಕ್ಕೂ ಗಾಳಿ ಬಿಸಿ. ಮೈ ತಂಪಾಗಲು ರಕ್ತ ಚರ್ಮದ ಕಡೆ ಹರಿಯುತ್ತದೆ, ಬೆವರಿನಿಂದ ರಕ್ತದ ನೀರು ಕಡಿಮೆಯಾಗುತ್ತದೆ, ಅದೇ ವೇಗಕ್ಕೆ ಹೃದಯ ಹೆಚ್ಚು ಬಡಿಯಬೇಕಾಗುತ್ತದೆ. ವಾಚು ವೇಗ ನೋಡುತ್ತದೆ, ಬಡಿತ ನೋಡುತ್ತದೆ, ನಿಮ್ಮ ವಿಒ2 ಮ್ಯಾಕ್ಸ್, ಅಂದರೆ ಮೈ ಆಮ್ಲಜನಕ ಬಳಸುವ ಗರಿಷ್ಠ ಶಕ್ತಿ, ಬಿತ್ತೆಂದು ತೀರ್ಪು ಕೊಡುತ್ತದೆ. ಬಿಸಿಲಲ್ಲಿ ಹತ್ತು ಕಿಲೋಮೀಟರ್ ಬೆಂದು ಬಂದವನಿಗೆ ಪರದೆಯ ಮೇಲೆ ಒಂದೇ ಶಬ್ದ: 'ಅನ್‌ಪ್ರೊಡಕ್ಟಿವ್'. ಇದನ್ನು ಮನೆಯಲ್ಲಿ ತೋರಿಸಿದವರಿಗೆ ಮರು ಉತ್ತರ ತಯಾರಿರುತ್ತದೆ: "ನಾ ಮೊದಲಿಂದ ಹೇಳ್ಲಿಕತ್ತೀನಿ." ಕೆಲವು ಗಾರ್ಮಿನ್ ವಾಚುಗಳು ಫೋನಿನಿಂದ ಹವಾಮಾನ ತಂದು 22 ಡಿಗ್ರಿ ಮೀರಿದರೆ ಬಿಸಿಲಿನ ರಿಯಾಯಿತಿ ಕೊಡುತ್ತವೆ. ವಿಜಯಪುರದಲ್ಲಿ 22 ಡಿಗ್ರಿ ಎಂದರೆ ಜನ ಸ್ವೆಟರ್ ಹಾಕುವ ಹೊತ್ತು. ರಿಯಾಯಿತಿ ಬೇಕಾದರೂ ವಾಚನ್ನು ಫೋನಿಗೆ ಜೋಡಿಸಬೇಕು. ಜೋಡಿಸದವನು ಬಿಸಿಲಲ್ಲಿ ಓಡಿಯೇ ಇಲ್ಲ.

ಓಡದವರಿಗೂ ಬಿಡುಗಡೆಯಿಲ್ಲ, ಹತ್ತು ಸಾವಿರ ಹೆಜ್ಜೆ ಇದೆ. 1964ರ ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಡಬ್ಬಿಯ ಹೆಸರೇ 'ಹತ್ತು ಸಾವಿರ ಹೆಜ್ಜೆಯ ಮೀಟರು'. ವ್ಯಾಪಾರಕ್ಕಿಟ್ಟ ಹೆಸರು ಅರವತ್ತು ವರ್ಷದಲ್ಲಿ ವೇದವಾಕ್ಯವಾಯಿತು. ವಾಚು ಎಣಿಸುವುದು ಕಾಲನ್ನಲ್ಲ, ಕೈ ಅಲುಗುವುದನ್ನು. ಹಾಗಾಗಿ ಕೂಸಿನ ಗಾಡಿ ತಳ್ಳುತ್ತ ಎರಡು ಕಿಲೋಮೀಟರ್ ನಡೆದವರ ಹೆಜ್ಜೆ ಸೊನ್ನೆಯ ಹತ್ತಿರ ಉಳಿಯಬಹುದು, ಕೂತಲ್ಲೇ ಜೋಳದ ರೊಟ್ಟಿ ಬಡಿದವರ ಲೆಕ್ಕ ಏರಬಹುದು.

"ಏನವ್ವಾ, ಮುಂಜಾನೆದ್ದು ಎಲ್ಲಿಗೆ ಹೋಗಿದ್ದಿ? ಎರಡ ಸಾವಿರ ತೋರಸ್ತದ!"

"ಎಲ್ಲಿಗಿ ಹೋಗ್ಲೋ? ಮೂವತ್ತ ರೊಟ್ಟಿ ಬಡದೀನಿ. ನಿಂಗ ಬೇಕಾದ್ರ ವಾಚ್ ಕೊಡು, ನಾಳೆ ಮತ್ತ ಬಡೀತೀನಿ."

ಮಗ ವಾಚು ಕೊಟ್ಟ. ಆಫೀಸಿನ ಹೆಜ್ಜೆ ಸ್ಪರ್ಧೆಯಲ್ಲಿ ಅವನ ಹೆಸರು ಈಗ ಮೇಲಿನ ಸಾಲಿನಲ್ಲಿದೆ. ನಗುವುದೇನೂ ಬೇಡ, 2024ರಲ್ಲಿ ಇಂಡೋನೇಷ್ಯಾದಲ್ಲಿ ಓಟಗಳನ್ನು ದಾಖಲಿಸಿ ಎಲ್ಲರಿಗೂ ತೋರಿಸುವ ಸ್ಟ್ರಾವಾ ಆ್ಯಪ್ ಇದೆಯಲ್ಲ, ಅದರಲ್ಲಿ ಹಣ ಕೊಟ್ಟರೆ ನಿಮ್ಮ ಖಾತೆಯಲ್ಲಿ ಓಡಿಕೊಡುವ ಸ್ಟ್ರಾವಾ ಜಾಕಿಗಳು ಸುದ್ದಿಯಾದರು. ಕಿಲೋಮೀಟರಿಗೆ ಒಂದು ದರ, ಪೇಸ್ ಜಾಸ್ತಿಯಾದರೆ ಇನ್ನೊಂದು ದರ. ನಮ್ಮಲ್ಲಿ ಅಷ್ಟು ಖರ್ಚಿಲ್ಲ. ಓಟ ಮುಗಿದರೂ ಗುಂಡಿ ಒತ್ತಲು ಮರೆತು ಬೈಕ್ ಹತ್ತಿದರೆ ಸಾಕು, ಆ್ಯಪ್ ಸೆಗ್ಮೆಂಟ್ ಎಂದು ಗುರುತಿಸಿದ ಸ್ಟೇಶನ್ ರೋಡಿನ ತುಂಡಿನಲ್ಲಿ ಅತಿವೇಗದವರ ಕಿರೀಟ ನಿಮ್ಮದೇ. ಯಾರಾದರೂ ತಕರಾರಿನ ಫ್ಲ್ಯಾಗ್ ಒತ್ತುವವರೆಗೆ ನೀವು ವಿಶ್ವದಾಖಲೆಗಿಂತ ಮುಂದೆ.

ಹಬ್ಬಕ್ಕೆ ಊರಿಗೆ ಹೋಗುವುದನ್ನು ಪಕ್ಕದ ಮನೆಗೂ ಹೇಳದ ಜಾಗರೂಕರು ಈ ಆ್ಯಪ್‌ನಲ್ಲಿ ಮಾತ್ರ ತಮ್ಮ ಗೇಟಿನಿಂದ ಶುರುವಾಗಿ ಗೇಟಿಗೇ ಮುಗಿಯುವ ಗೆರೆಯನ್ನು ದಿನಾ ಹೊತ್ತಿನ ಸಮೇತ ಸಾರ್ವಜನಿಕರಿಗೆ ಒಪ್ಪಿಸುತ್ತಾರೆ. ಐದೂವರೆಯಿಂದ ಆರೂವರೆ ಮನೆಯಲ್ಲಿ ಗಂಡಸರಿಲ್ಲ ಎಂದು ಬೋರ್ಡ್ ಹಾಕುವುದೊಂದು ಬಾಕಿ. 2018ರ ಜನವರಿಯಲ್ಲಿ, ಎಲ್ಲರ ಓಟದ ಗೆರೆಗಳನ್ನೂ ಒಟ್ಟಿಗೆ ಹೊಳೆಯಿಸಿ ತೋರಿಸುವ ಸ್ಟ್ರಾವಾದ ಹೀಟ್‌ಮ್ಯಾಪಿನಿಂದ ಮರುಭೂಮಿಗಳ ನಡುವಿನ ಸೇನಾ ನೆಲೆಗಳ ಆಕಾರವೇ ಬಯಲಾಗಿತ್ತು. ಸೆಟ್ಟಿಂಗ್ಸ್, ಪ್ರೈವಸಿ, ಮ್ಯಾಪ್ ವಿಸಿಬಿಲಿಟಿ. ಮನೆಯ ಸುತ್ತ 1,600 ಮೀಟರ್‌ವರೆಗೆ ಮರೆಮಾಡಬಹುದು. ಆದರೆ ಮರೆಮಾಡಿದರೆ ನೋಡುವವರು ಯಾರು?

ಎತ್ತರದ್ದೂ ಒಂದು ತಮಾಷೆ. ಊರು ಅಂಗೈಯಷ್ಟು ಸಮತಟ್ಟು, ವಾಚಿನಲ್ಲಿ ಏರಿಕೆ 25 ಮೀಟರ್. ಗೋಳಗುಮ್ಮಟವನ್ನೇ ಅರ್ಧ ಹತ್ತಿದಂತೆ. ಒಳಗಿನ ಬ್ಯಾರೊಮೀಟರ್ ಗಾಳಿಯ ಒತ್ತಡದಿಂದ ಎತ್ತರ ಲೆಕ್ಕ ಹಾಕುತ್ತದೆ; ಮಳೆ ಕಟ್ಟುವ ಹೊತ್ತಿಗೆ ಒತ್ತಡ 3 ಹೆಕ್ಟೊಪ್ಯಾಸ್ಕಲ್ ಇಳಿದರೆ ಅದಕ್ಕೆ 25 ಮೀಟರ್ ಏರಿದಂತೆ ಕಾಣುತ್ತದೆ. ಬದಿಯ ಸಣ್ಣ ತೂತಿನಲ್ಲಿ ಬೆವರಿನ ಉಪ್ಪು ಕಟ್ಟಿದ್ದರೂ ಹೀಗೇ. ನಲ್ಲಿಯ ಬೆಚ್ಚನೆ ನೀರಲ್ಲಿ ತೊಳೆದರೆ ಸರಿಹೋಗುತ್ತದೆ, ಪಿನ್ನು ಚುಚ್ಚಬಾರದು. ತೊಳೆಯುವವರು ಕಡಿಮೆ. ಏರಿಕೆ ಬಂದದ್ದು ಬಂತು, ಇರಲಿ ಎನ್ನುತ್ತಾರೆ.

ಈಚೆಗೆ ಕೆಲವರು ಎರಡೂ ಕೈಗೆ ಒಂದೊಂದು ಕಟ್ಟಿಕೊಂಡು ಬರತೊಡಗಿದ್ದಾರೆ. ಎಡಗೈ 9.94 ಎಂದಿತು, ಬಲಗೈ 10.06 ಎಂದಿತು. ಎಡಗೈಯ ಪ್ರಕಾರ ಓಟ ಬಾಕಿ ಇದೆ, ಬಲಗೈಯ ಪ್ರಕಾರ ತಿಂಡಿಯ ಹೊತ್ತು. ತೀರ್ಪಿಗೆ ಮೂರನೆಯದು ಆರ್ಡರ್ ಆಗಿದೆ, ಬೂಟಿನ ಲೇಸಿಗೆ ಸಿಕ್ಕಿಸಿ ಹೆಜ್ಜೆಯಿಂದ ದೂರ ಅಳೆಯುವ ಫುಟ್ ಪಾಡ್. ಗೊತ್ತಿರುವ ದೂರವೊಂದರಲ್ಲಿ ಓಡಿಸಿ ಹೊಂದಿಸಿಕೊಂಡರೆ ಅದು ಮಣಿಕಟ್ಟಿಗಿಂತ ನಂಬಿಕಸ್ತ. ಸದ್ಯಕ್ಕೆ ಅಡ್ಡಿ ಒಂದೇ, ಯಾವ ಕಾಲಿಗೆ ಕಟ್ಟಬೇಕೆಂದು ಗ್ರೂಪಿನಲ್ಲಿ ಇನ್ನೂ ಒಮ್ಮತ ಆಗಿಲ್ಲ.